1,100 ಕಿ.ಮೀ. ಓಡಿದ ಹೊಸ ಕಾರಿನ ಆಯಿಲ್ ಇಳಿಸಿದೆ, ತಳದಲ್ಲಿ ತಾಮ್ರದ ಬಣ್ಣದ ಚೂರುಗಳು ಸಿಕ್ಕಿವೆ

ಮೇಗರವಳ್ಳಿ ತೋಟ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಡಿಕೆ ತೋಟ, ಒಂದಿಷ್ಟು ಗದ್ದೆ. ಏಳು ವಾರಗಳ ಹಿಂದೆ ಹೊಸ ಕಾರು ತಂದೆವು. ಶೋರೂಮಿನಿಂದ ನೇರವಾಗಿ ನಮ್ಮ ಅಂಗಳಕ್ಕೆ ಬಂದ ಮೊದಲ ವಾಹನ ಇದು. ಅಲ್ಲಿಯವರೆಗೆ ಇದ್ದದ್ದು ಅಪ್ಪನ ಕಾಲದ ಜೀಪು. ಅಮ್ಮನನ್ನು ತಿಂಗಳಿಗೆ ಎರಡು ಸಲ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಆಗುಂಬೆ ಘಾಟಿಯ ಆ 14 ತಿರುವುಗಳನ್ನು ಮಳೆಗಾಲದ ಕತ್ತಲೆಯಲ್ಲಿ ಜೀಪಿನಲ್ಲಿ ಹತ್ತಿಸುವುದು ಅಮ್ಮನಿಗೂ ಕಷ್ಟ, ನನಗೂ ಭಯ. ಎರಡು ಫಸಲಿನ ಹಣ ಒಟ್ಟು ಮಾಡಿ, ಉಳಿದದ್ದಕ್ಕೆ ಸಾಲ ಮಾಡಿ ತೆಗೆದುಕೊಂಡ ಕಾರು. ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್. ಕಂಪನಿಯ ಹೆಸರು ಈಗಲೇ ಬರೆಯುವುದಿಲ್ಲ, ಮಾತುಕತೆ ನಡೆಯುತ್ತಿದೆ.

ಕಂಪನಿಯ ಪುಸ್ತಕದ ಪ್ರಕಾರ 1,000 ಕಿ.ಮೀ.ಗೆ ಬರೀ ತಪಾಸಣೆ. ಆಯಿಲ್ ಬದಲಿಸುವುದು 10,000 ಕಿ.ಮೀ.ಗೆ ಅಥವಾ ಒಂದು ವರ್ಷಕ್ಕೆ. ನನಗೆ ಇದು ಮೊದಲಿನಿಂದಲೂ ಸರಿ ಅನಿಸಲಿಲ್ಲ. ನಮ್ಮ ಟ್ರ್ಯಾಕ್ಟರಿಗೆ ಮೊದಲ 50 ಗಂಟೆಗೆ ಆಯಿಲ್ ತೆಗೆಯಬೇಕೆಂದು ಅದರ ಪುಸ್ತಕದಲ್ಲೇ ಇದೆ. ಬೈಕಿಗೆ ಮೊದಲ ಸರ್ವಿಸಿನಲ್ಲಿಯೇ, ಸಾವಿರ ಕಿ.ಮೀ. ತುಂಬುವುದರೊಳಗೆ ಬದಲಿಸುತ್ತಾರೆ. ಹೊಸ ಕಬ್ಬಿಣಕ್ಕೆ ಹೊಸ ಕಬ್ಬಿಣ ಉಜ್ಜಿದಾಗ ಬರುವ ಪುಡಿ ಕಾರಿನ ಎಂಜಿನ್ನಿಗೆ ಮಾತ್ರ ಯಾಕೆ ಬರುವುದಿಲ್ಲ? ಹೊಸ ಎಂಜಿನ್ನಿನ ಮೊದಲ ಆಯಿಲನ್ನು ಒಳಗೆ ಇಟ್ಟುಕೊಳ್ಳಬಾರದು ಎಂದು ಅಪ್ಪ ಹೇಳುತ್ತಿದ್ದರು. ಔಷಧಿ ಹೊಡೆಯುವ ಮೋಟಾರಿನಿಂದ ಹಿಡಿದು ಜೀಪಿನವರೆಗೆ ಎಲ್ಲದಕ್ಕೂ ಹಾಗೆಯೇ ಮಾಡಿದರು. ನಾನೂ ಅದನ್ನೇ ಮಾಡಿದೆ.

ಜೀಪಿನ ಕೆಳಗೆ ಇಳಿದು ಕೆಲಸ ಮಾಡಲೆಂದು ಅಪ್ಪ ಕಲ್ಲು ಕಟ್ಟಿಸಿದ ಗುಂಡಿ ಕೊಟ್ಟಿಗೆಯ ಪಕ್ಕದಲ್ಲಿದೆ. ಮೊನ್ನೆ ಭಾನುವಾರ ಕಾರನ್ನು ಮೇಗರವಳ್ಳಿಯವರೆಗೆ ಓಡಿಸಿ ಬಿಸಿ ಮಾಡಿಕೊಂಡು ಬಂದು ಅದರ ಮೇಲೆ ನಿಲ್ಲಿಸಿದೆ. ಪುಸ್ತಕದಲ್ಲಿ ಹೇಳಿದ ದರ್ಜೆಯದೇ ಆಯಿಲ್, ಕಂಪನಿಯದೇ ಫಿಲ್ಟರ್, ಹೊಸ ವಾಷರ್ ತಂದಿಟ್ಟುಕೊಂಡಿದ್ದೆ, ಬಿಲ್ಲುಗಳು ಇವೆ. ಅಂಗಡಿಯಿಂದ ಆಗಷ್ಟೇ ತಂದ ಸ್ಟೀಲ್ ಬೇಸಿನ್ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದೆ. ಆಯಿಲ್ ಕಪ್ಪಾಗಿರಲಿಲ್ಲ, ಕಷಾಯದ ಬಣ್ಣ. ಬಿಸಿಲಿಗೆ ಹಿಡಿದಾಗ ಒಳಗೆ ಬೆಳ್ಳಿಯ ಮೋಡ ತಿರುಗಿದಂತೆ ಕಂಡಿತು. ಇದು ಇರುತ್ತದೆ ಎಂದು ಗೊತ್ತಿತ್ತು, ಹೆದರಲಿಲ್ಲ.

ಅರ್ಧ ಗಂಟೆ ಬಿಟ್ಟು ಮೇಲಿನ ಆಯಿಲನ್ನು ಮೆಲ್ಲಗೆ ಇನ್ನೊಂದು ಹೊಸ ಬೇಸಿನ್ನಿಗೆ ಬಗ್ಗಿಸಿ, ತಳದಲ್ಲಿ ಉಳಿದದ್ದನ್ನು ಅಡಿಕೆ ಹಾಳೆಯ ಮೇಲೆ ಹರಡಿದೆ. ಹಾಳೆಯ ನಾರಿನ ಗೆರೆಗಳಲ್ಲಿ ಚೂರುಗಳು ಸಾಲಾಗಿ ನಿಂತವು. ಹನ್ನೊಂದು ಎಣಿಸಿದೆ. ಪುಡಿ ಅಲ್ಲ, ಚೂರು. ಸೂಜಿಯ ಮೊನೆಯಿಂದ ಒಂದನ್ನು ಎತ್ತಬಹುದಿತ್ತು. ರಾಗಿ ಕಾಳಿನ ಸಿಪ್ಪೆಯಷ್ಟು ಅಗಲ, ಬಹಳ ತೆಳು, ಒಂದು ಬದಿ ಬೂದು, ಇನ್ನೊಂದು ಬದಿ ಹೊಸ ತಾಮ್ರದ ಬಣ್ಣ. ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದೆ. ಒಂದೂ ಅಲುಗಲಿಲ್ಲ.

ಇನ್ನೊಂದು ವಿಷಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರು ನಾಲ್ಕು ಸೆಕೆಂಡು ಕೆಳಗಿನಿಂದ ಕುಟ್ಟಿದ ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ. ತಪಾಸಣೆಗೆ ಒಯ್ದಾಗ ಹೇಳಿದ್ದೆ. ‘ಹೊಸ ಎಂಜಿನ್, ಸೆಟ್ ಆಗುತ್ತದೆ’ ಎಂದು ಕಳಿಸಿದರು.

ನಾನು ಕೇಳುವುದು ಇಷ್ಟೇ. ಇದು ಹೊಸ ಎಂಜಿನ್ನಿನ ಸಹಜ ಸವೆತವೋ, ಅಲ್ಲವೋ? ಮುಂದಿನ ಬುಧವಾರ ಅಮ್ಮನ ಜೊತೆ ಘಾಟಿ ಇಳಿಯಬೇಕು. ಈ ಕಾರಿನಲ್ಲಿ ಹೋಗಲೇ? ಆಯಿಲನ್ನು ಪ್ರಯೋಗಾಲಯಕ್ಕೆ ಕಳಿಸಲೆಂದು ಒಂದು ಬಾಟಲಿಯಲ್ಲಿ ತುಂಬಿಟ್ಟಿದ್ದೇನೆ.

ಹೊಸನಗರದವ

ನನ್ನ ಅಭಿಪ್ರಾಯ ಬೇರೆ. ವಾರಂಟಿ ಇರುವ ಕಾರಿನ ಬೋಲ್ಟ್ ನೀವೇ ಬಿಚ್ಚಬಾರದಿತ್ತು. ನಾಳೆ ಏನೇ ಆದರೂ ‘ಹೊರಗೆ ಕೈ ಹಾಕಿಸಿದ್ದಾರೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನ್ನ ಭಾವನಿಗೆ ಹಾಗೆಯೇ ಆಯಿತು. ಅವರು ಹಾಕಿಸಿದ್ದು ಬರೀ ಹಾರನ್. ಇನ್ನು ಹೊಸ ಎಂಜಿನ್ನಿನ ಆಯಿಲಿನಲ್ಲಿ ಮಿನುಗು ಎಲ್ಲರಿಗೂ ಇರುತ್ತದೆ. ನೋಡದವರು ನೆಮ್ಮದಿಯಾಗಿ 10,000 ಓಡಿಸುತ್ತಾರೆ, ಏನೂ ಆಗುವುದಿಲ್ಲ. ಈ ಕಾಲದ ಫಿಲ್ಟರುಗಳು ಅದಕ್ಕೆಂದೇ ಇರುವುದು.

ಹಳೆ ಸ್ಪ್ಯಾನರ್, ಶಿವಮೊಗ್ಗ

ಮೇಗರವಳ್ಳಿಯವರೇ, ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಹೋಗಬೇಡಿ. ಜೀಪು ತೆಗೆದುಕೊಂಡು ಹೋಗಿ, ಇಲ್ಲವೇ ಬಾಡಿಗೆ ಕಾರು ಮಾಡಿ. ಕಾರನ್ನು ಇದ್ದಲ್ಲಿಯೇ ಬಿಡಿ, ಸ್ಟಾರ್ಟ್ ಕೂಡ ಮಾಡಬೇಡಿ.

ನಾನು 34 ವರ್ಷ ಬಸ್ ಡಿಪೋದಲ್ಲಿ ಎಂಜಿನ್ ವಿಭಾಗದಲ್ಲಿ ಇದ್ದವನು. ಹೊಸನಗರದವರು ಹೇಳಿದ್ದರಲ್ಲಿ ಅರ್ಧ ನಿಜ. ಸಿಲಿಂಡರಿನ ಒಳಗೋಡೆಯಲ್ಲಿ ಕಾರ್ಖಾನೆಯವರು ಅಡ್ಡಡ್ಡ ಸಣ್ಣ ಗೀರು ಹಾಕಿರುತ್ತಾರೆ, ಆಯಿಲ್ ಹಿಡಿದು ನಿಲ್ಲಲಿ ಎಂದು. ಪಿಸ್ಟನ್ ರಿಂಗುಗಳು ಆ ಗೀರಿನ ತುದಿಗಳನ್ನು ಉಜ್ಜಿ ಕೂರಿಸಿಕೊಳ್ಳುತ್ತವೆ. ಆ ಪುಡಿಯೇ ನೀವು ಕಂಡ ಬೆಳ್ಳಿಯ ಮೋಡ. ಅದು ಬೆರಳಿಗೆ ಸಿಗುವುದಿಲ್ಲ, ತಿಕ್ಕಿದರೆ ಸೋಪಿನಂತೆ ಜಾರುತ್ತದೆ. ಅದರ ಬಗ್ಗೆ ಯೋಚನೆ ಬೇಡ.

ಸೂಜಿಗೆ ಸಿಕ್ಕಿದ್ದರ ಲೆಕ್ಕವೇ ಬೇರೆ. ಬರಿಗಣ್ಣಿಗೆ ಒಂಟಿಯಾಗಿ ಕಾಣಬೇಕಾದರೆ ಚೂರು ಸುಮಾರು 40 ಮೈಕ್ರಾನ್ (ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್) ಆದರೂ ಇರಬೇಕು. ಕ್ರ್ಯಾಂಕಿಗೂ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೂ, ಅದರ ಬೇರಿಂಗಿಗೂ ನಡುವೆ ಇರುವ ಜಾಗವೇ ಅಷ್ಟು. 20ರಿಂದ 50 ಮೈಕ್ರಾನ್. ಆ ಸಂದಿಯಲ್ಲಿ ಆಯಿಲಿನ ಪದರ ನಿಂತು ಲೋಹಕ್ಕೆ ಲೋಹ ತಾಗದ ಹಾಗೆ ನೋಡಿಕೊಳ್ಳಬೇಕು. ನಿಮ್ಮ ಚೂರು ರಾಗಿ ಸಿಪ್ಪೆಯಷ್ಟು ಅಗಲ ಎಂದಿರಿ. ಅದು ಎಲ್ಲಿಂದಲೋ ಉಜ್ಜಿ ಬಂದ ಪುಡಿಯಲ್ಲ, ಎದ್ದು ಬಂದ ಪದರ.

ಬೇರಿಂಗ್ ಅಂದರೆ ಅರ್ಧ ಬಳೆಯ ಆಕಾರದ ತಗಡು. ಬೆನ್ನು ಉಕ್ಕಿನದು. ಅದರ ಮೇಲೆ ಅನೇಕ ಎಂಜಿನ್ನುಗಳಲ್ಲಿ ತಾಮ್ರದ ಮಿಶ್ರಲೋಹ ಇರುತ್ತದೆ. ಎಲ್ಲಕ್ಕಿಂತ ಮೇಲೆ ಮೆತ್ತನೆಯ ಬೂದು ಲೋಹದ ತೆಳು ಲೇಪ. ಒಂದು ಬದಿ ಬೂದು, ಇನ್ನೊಂದು ಬದಿ ತಾಮ್ರ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ನೀವು ಬರೆದದ್ದನ್ನು ಓದುವಾಗ ನನ್ನ ಕಣ್ಣ ಮುಂದೆ ಬೇರಿಂಗೇ ಬಂದು ನಿಂತಿತು. ಬೆಳಿಗ್ಗೆ ಮೂರು ಸೆಕೆಂಡು ಕುಟ್ಟುವುದು ಕೂಡ ಆಯಿಲ್ ಒತ್ತಡ ಏರುವವರೆಗೆ ಬೇರಿಂಗ್ ಒಣಗಿ ಹೊಡೆದುಕೊಳ್ಳುವ ಸದ್ದು ಇರಬಹುದು. ನೋಡದೆ ಖಂಡಿತವಾಗಿ ಹೇಳುವುದಿಲ್ಲ.

ಫಿಲ್ಟರ್ ಎಲ್ಲವನ್ನೂ ಹಿಡಿಯುತ್ತದೆ ಎಂಬ ನಂಬಿಕೆಯೂ ಬೇಡ. ಅದರೊಳಗೆ ಒಂದು ಬೈಪಾಸ್ ಕವಾಟ ಇರುತ್ತದೆ. ಚಳಿಯಲ್ಲಿ ಆಯಿಲ್ ಗಟ್ಟಿಯಾಗಿದ್ದಾಗ, ಅಥವಾ ಫಿಲ್ಟರ್ ಕಟ್ಟಿಕೊಂಡಾಗ, ಅದು ತೆರೆದು ಸೋಸದ ಆಯಿಲನ್ನೇ ಒಳಗೆ ಬಿಡುತ್ತದೆ. ಆಯಿಲೇ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ವಾಸಿ ಎಂಬ ಲೆಕ್ಕ.

ಈಗ ಮಾಡಬೇಕಾದ್ದು. ಹಳೆ ಫಿಲ್ಟರ್ ಎಸೆಯದೆ ಇಟ್ಟಿದ್ದೀರಿ ತಾನೆ? ಅದರ ತಗಡನ್ನು ಹ್ಯಾಕ್ಸಾದಿಂದ ಕೊಯ್ಯಬೇಡಿ, ಗರಗಸದ ಪುಡಿಯೇ ಒಳಗೆ ಬಿದ್ದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಬಾಯಿಯ ಕಡೆಯಿಂದ ತಗಡು ಕತ್ತರಿಯಲ್ಲಿ ಕತ್ತರಿಸಿ, ಒಳಗಿನ ಕಾಗದದ ಮಡಿಕೆಯನ್ನು ಬಿಡಿಸಿ, ಬಿಳಿ ಬಟ್ಟೆಗಳ ನಡುವೆ ಒತ್ತಿ ಆಯಿಲ್ ಹಿಂಡಿ, ಬಿಸಿಲಿನಲ್ಲಿ ನೋಡಿ. ಪ್ರತಿಯೊಂದು ಹೆಜ್ಜೆಯ ವಿಡಿಯೊ ಮಾಡಿ.

ಮತ್ತೊಂದು ಮಾತು, ಬೇಸರ ಮಾಡಬೇಡಿ. ಆ ಬಾಟಲಿಗೆ ಆಯಿಲ್ ಹೇಗೆ ತುಂಬಿದಿರಿ? ನಮ್ಮ ಕಡೆ ತೋಟದ ಮನೆಗಳಲ್ಲಿ ಬಕೆಟ್ಟು, ಆಲಿಕೆ, ಜಗ್ಗು ಎಲ್ಲದಕ್ಕೂ ಮೈಲುತುತ್ತು (ತಾಮ್ರದ ಸಲ್ಫೇಟ್) ತಾಗಿರುತ್ತದೆ. ಬೋರ್ಡೋ ಕಲಸಿದ ಪಾತ್ರೆಯ ಒಂದು ಹನಿ ಸೇರಿದರೂ ಪ್ರಯೋಗಾಲಯದ ವರದಿಯಲ್ಲಿ ತಾಮ್ರ ಏರಿ ಕೂರುತ್ತದೆ. ಆಮೇಲೆ ಆ ವರದಿಯನ್ನು ಯಾರೂ ನಂಬುವುದಿಲ್ಲ.

ಮೇಗರವಳ್ಳಿ ತೋಟ

ಯಜಮಾನರೇ, ನಿಮ್ಮ ಕೊನೆಯ ಮಾತು ಓದಿ ಎದೆ ಝಲ್ಲೆಂದಿತು. ಬೇಸಿನ್ ಹೊಸದು, ಬಾಟಲಿಯೂ ಹೊಸದು. ಆದರೆ ಬಾಟಲಿಗೆ ಹೊಯ್ಯಲು ಬಳಸಿದ ಆಲಿಕೆ ಔಷಧಿ ಮನೆಯದೇ. ಒಳಗಂಚಿನಲ್ಲಿ ನೀಲಿ ಗೆರೆ ಈಗಲೂ ಇದೆ. ಆ ಬಾಟಲಿಯನ್ನು ಬದಿಗಿಟ್ಟೆ. ಬೇಸಿನ್ನಿನಲ್ಲಿ ಮುಚ್ಚಿಟ್ಟ ಆಯಿಲ್ ಇನ್ನೂ ಇತ್ತು. ಔಷಧಿ ಅಂಗಡಿಯಿಂದ ಹೊಸ ಸಿರಿಂಜು ತಂದು, ಚೆನ್ನಾಗಿ ಕದಡಿಸಿ, ಅದರಿಂದಲೇ 100 ಮಿ.ಲೀ. ಎಳೆದು ಬೇರೆ ಬಾಟಲಿಗೆ ತುಂಬಿ ಬೆಂಗಳೂರಿಗೆ ಕಳಿಸಿದ್ದೇನೆ.

ಫಿಲ್ಟರ್ ಬಿಡಿಸಿದೆ. ಮಡಿಕೆಗಳ ನಡುವೆ ಅದೇ ಚೂರುಗಳು, ಮೂವತ್ತಕ್ಕೂ ಹೆಚ್ಚು. ಜೊತೆಗೆ ನಾನು ಎಣಿಸಿರದ ಇನ್ನೊಂದು ವಸ್ತು ಸಿಕ್ಕಿತು. ಎರಡು ಮೂರು ಕಡೆ ಬೂದು ಬಣ್ಣದ ಎಳೆಗಳು, ಶಾವಿಗೆಯ ತುಂಡಿನಂತೆ. ಎಳೆದರೆ ರಬ್ಬರಿನಂತೆ ಹಿಗ್ಗುತ್ತವೆ. ಫಿಲ್ಟರ್ ತನ್ನದೇ ಸೀಲು ಬಿಟ್ಟಿದೆಯೇ ಎಂದು ನೋಡಿದೆ, ಅದು ಕಪ್ಪು, ಇದು ಬೂದು.

ಬುಧವಾರ ಜೀಪಿನಲ್ಲಿಯೇ ಮಣಿಪಾಲಕ್ಕೆ ಹೋಗಿ ಬಂದೆವು. ಮಂಜು ಬಿದ್ದಿತ್ತು. ಸೋಮೇಶ್ವರದಿಂದ ಮೇಲೆ ಬರುವಾಗ ಅಮ್ಮ ನನ್ನ ಭುಜ ಹಿಡಿದೇ ಕೂತಿದ್ದರು.

ಕೊಪ್ಪ ಟೀಚರ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ಇದನ್ನು ಓದಿ ನಾನೂ ನನ್ನ ಕಾರಿನ ಆಯಿಲ್ ಮುಚ್ಚಳ ತೆಗೆದು ನೋಡಿದೆ. ಮುಚ್ಚಳದ ಒಳಗೆ ಹಾಲಿನ ಕೆನೆಯಂತೆ ತಿಳಿ ಹಳದಿ ಮೆತ್ತಿಕೊಂಡಿದೆ. ಕಾರು ತೆಗೆದುಕೊಂಡು ನಾಲ್ಕು ತಿಂಗಳು. ಶಾಲೆ ಮೂರು ಕಿ.ಮೀ. ದೂರ, ದಿನಕ್ಕೆ ಹೋಗಿ ಬರುವುದು ಅಷ್ಟೇ. ನೀರು ಒಳಗೆ ಹೋಗಿದೆಯೇ? ಎಂಜಿನ್ ಹಾಳಾಯಿತೇ?

ಹಳೆ ಸ್ಪ್ಯಾನರ್, ಶಿವಮೊಗ್ಗ

ಟೀಚರ್, ಗಾಬರಿ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಮೂರು ಕಿ.ಮೀ. ಓಡಿಸಿ ನಿಲ್ಲಿಸಿದರೆ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗದೆ ಮೇಲಿನ ತಣ್ಣನೆ ಮುಚ್ಚಳಕ್ಕೆ ತಾಗಿ ಆಯಿಲಿನ ಜೊತೆ ಕಡೆದುಕೊಳ್ಳುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಆಯಿಲ್ ತಿಳಿಯಾಗಿದ್ದು, ಕೂಲೆಂಟ್ ಡಬ್ಬದ ಮಟ್ಟ ಇಳಿಯದೆ ಇದ್ದರೆ ತೊಂದರೆ ಇಲ್ಲ. ಭಾನುವಾರ ಶೃಂಗೇರಿಯವರೆಗೆ ಒಮ್ಮೆ ಓಡಿಸಿ ಬನ್ನಿ, ಎಷ್ಟೋ ಕಡಿಮೆಯಾಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿಯೇ ಕೆನೆ ಬಂದರೆ, ಕೂಲೆಂಟ್ ವಾರ ವಾರ ಇಳಿದರೆ ಅದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲು) ಹೋಗಿರುವುದು, ಆಗ ಓಡಿಸಬೇಡಿ. ಆಯಿಲ್ ಮಟ್ಟ ತಾನಾಗಿ ಏರಿ ಪೆಟ್ರೋಲ್ ವಾಸನೆ ಬರುತ್ತಿದೆಯೇ ಎಂದೂ ಮೂಸಿ ನೋಡಿ, ಚಿಕ್ಕ ಓಡಾಟದ ಟರ್ಬೊ ಪೆಟ್ರೋಲ್ ಕಾರುಗಳಿಗೆ ಅದೊಂದು ಕಾಯಿಲೆ. ನಿಮ್ಮ ಓಡಾಟಕ್ಕೆ ವರ್ಷಕ್ಕೊಮ್ಮೆ ಸಾಲದು, ಆರು ತಿಂಗಳಿಗೆ ಆಯಿಲ್ ಬದಲಿಸಿ.

ಮೇಗರವಳ್ಳಿಯವರೇ, ಆ ಬೂದು ಎಳೆ ಸಂಪಿನ, ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯ, ಅಂಟು. ಈಗಿನ ಎಂಜಿನ್ನುಗಳಲ್ಲಿ ಆಯಿಲ್ ಸಂಪಿಗೆ ಕಾರ್ಕಿನ ಗ್ಯಾಸ್ಕೆಟ್ ಹಾಕುವುದು ಕಡಿಮೆ, ಸಿಲಿಕೋನ್ ಅಂಟು ಹಚ್ಚಿ ಬೋಲ್ಟ್ ಬಿಗಿಯುತ್ತಾರೆ. ಹೆಚ್ಚು ಹಚ್ಚಿದರೆ ಒಳಗಡೆ ಹಿಂಡಿಕೊಂಡು ಬಂದು ಎಳೆಯಾಗಿ ತೂಗುತ್ತದೆ, ಒಂದು ದಿನ ಕಿತ್ತು ಆಯಿಲಿಗೆ ಬೀಳುತ್ತದೆ. ಆಯಿಲ್ ಪಂಪು ಸಂಪಿನಿಂದ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಒಂದು ಜಾಲರಿ ಇದೆ. ಈ ಎಳೆಗಳು ಹೋಗಿ ಅಲ್ಲಿ ಕೂರುತ್ತವೆ. ಫಿಲ್ಟರಿನವರೆಗೆ ಬಂದದ್ದು ಜಾಲರಿ ದಾಟಿದ ಸಣ್ಣ ತುಂಡು. ದೊಡ್ಡವು ಎಲ್ಲಿರಬಹುದು ಎಂದು ನಾನು ಹೇಳಬೇಕಾಗಿಲ್ಲ.

ಸರ್ವಿಸಿನವರಿಗೆ ಎರಡೇ ಕೆಲಸ ಹೇಳಿ. ಒಂದು, ಒತ್ತಡದ ಸೆನ್ಸರ್ ಇರುವ ಜಾಗದಲ್ಲಿ ಮುಳ್ಳಿನ ಗೇಜು ಹಾಕಿ ಎಂಜಿನ್ ಪೂರ್ತಿ ಕಾದ ಮೇಲೆ ಆಯಿಲ್ ಒತ್ತಡ ಅಳೆಯಲಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಿಕೊಂಡು ಕೂರಬೇಡಿ, ಅದು ಹತ್ತುವ ಹೊತ್ತಿಗೆ ಒತ್ತಡ ತಳ ಕಂಡಿರುತ್ತದೆ. ಎರಡು, ನಿಮ್ಮ ಎದುರಿಗೇ ಸಂಪ್ ಇಳಿಸಲಿ. ಕಾರನ್ನು ಓಡಿಸಿಕೊಂಡು ಹೋಗಬೇಡಿ, ಲಾರಿಯ ಮೇಲೆ ಹಾಕಿಸಿ.

ತುಂಗೆಯಿಂದ ಬೆಂಗಳೂರಿಗೆ

ನಾನು ತೀರ್ಥಹಳ್ಳಿಯವನು, ಈಗ ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದಲ್ಲಿದ್ದೇನೆ. ಹೊಸ ಎಂಜಿನ್ನಿನಲ್ಲಿ ಹೀಗಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹುಂಡೈ 2015ರಲ್ಲಿ ಅಮೆರಿಕದಲ್ಲಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ಹಿಂದಕ್ಕೆ ಕರೆಯಿತು, 2011 ಮತ್ತು 2012ರ ಮಾದರಿಗಳು. ಕ್ರ್ಯಾಂಕ್ ಕೊರೆಯುವಾಗ ಬಂದ ಲೋಹದ ಚೂರು ಪೂರ್ತಿ ತೊಳೆದು ಹೋಗದೆ ಆಯಿಲಿನ ದಾರಿ ಕಟ್ಟುತ್ತಿತ್ತು. 2024ರಲ್ಲಿ ಟೊಯೋಟಾ ಅಲ್ಲಿಯೇ ಲಕ್ಷಕ್ಕೂ ಹೆಚ್ಚು ಟುಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ವಾಹನಗಳನ್ನು ಕರೆಯಿತು, ಅದೂ ಕಾರ್ಖಾನೆಯಲ್ಲಿ ಒಳಗೆ ಉಳಿದ ಚೂರುಗಳಿಗಾಗಿಯೇ. ಅಷ್ಟು ಅನುಭವ ಇರುವ ಕಂಪನಿಗಳಲ್ಲಿಯೇ ಒಂದು ತೊಳೆಯುವ ಹಂತ ತಪ್ಪಿದರೆ ಇಷ್ಟಾಗುತ್ತದೆ.

ಪ್ರಯೋಗಾಲಯದ ವರದಿ ಬಂದಾಗ ಒಂದು ಎಚ್ಚರ. ಆ ಯಂತ್ರ ಸರಿಯಾಗಿ ಓದುವುದು ಸುಮಾರು 5ರಿಂದ 8 ಮೈಕ್ರಾನಿಗಿಂತ ಸಣ್ಣ ಕಣಗಳನ್ನು. ಕಣ್ಣಿಗೆ ಕಾಣುವ ಚೂರು ಅದರ ಲೆಕ್ಕಕ್ಕೇ ಬರುವುದಿಲ್ಲ. ವರದಿಯ ಅಂಕಿಗಳು ಸಾಧಾರಣ ಎನ್ನುವಂತೆ ಬಂದರೂ ಬರಬಹುದು. ‘ನೋಡಿ, ಪ್ರಯೋಗಾಲಯವೇ ಸರಿ ಇದೆ ಎಂದಿದೆ’ ಎಂಬ ಮಾತಿಗೆ ಬಗ್ಗಬೇಡಿ. ನಿಮ್ಮ ಬಲವಾದ ಸಾಕ್ಷಿ ಆ ಫಿಲ್ಟರಿನ ಕಾಗದ.

ಸಾಗರ ವಕೀಲಿಕೆ

ವಾರಂಟಿಯ ಬಗ್ಗೆ ಹೊಸನಗರದವರು ಎತ್ತಿದ ಮಾತು ತಳ್ಳಿಹಾಕುವಂಥದ್ದಲ್ಲ. ಪುಸ್ತಕದ ಷರತ್ತುಗಳ ಪುಟವನ್ನು ಪೂರ್ತಿ ಓದಿ. ಆದರೆ ನಿಗದಿತ ಸರ್ವಿಸ್ ಒಂದನ್ನೂ ತಪ್ಪಿಸದೆ, ಹೇಳಿದ ದರ್ಜೆಯ ಆಯಿಲನ್ನೇ ಹೆಚ್ಚುವರಿಯಾಗಿ ಒಮ್ಮೆ ಬದಲಿಸಿದ್ದರಿಂದ ಬೇರಿಂಗ್ ಸವೆಯಿತು ಎಂದು ಯಾರೂ ಸುಲಭವಾಗಿ ವಾದಿಸಲಾರರು. ಅದರಲ್ಲೂ ಚೂರುಗಳು ಸಿಕ್ಕಿದ್ದು ಕಾರ್ಖಾನೆಯವರೇ ತುಂಬಿಸಿದ ಆಯಿಲಿನಲ್ಲಿ.

ಮಾತಿನಲ್ಲಿ ಏನೂ ಬೇಡ. ಜಾಬ್ ಕಾರ್ಡಿನಲ್ಲಿ ‘ಬೆಳಿಗ್ಗೆ ಕುಟ್ಟುವ ಸದ್ದು, ಫಿಲ್ಟರಿನಲ್ಲಿ ಲೋಹದ ಚೂರು’ ಎಂದು ನಿಮ್ಮ ಮಾತಿನಲ್ಲಿಯೇ ಬರೆಸಿ, ಪ್ರತಿ ತೆಗೆದುಕೊಳ್ಳಿ. ಅವರು ‘ಸಾಮಾನ್ಯ ತಪಾಸಣೆ’ ಎಂದು ಬರೆದರೆ ಸಹಿ ಹಾಕಬೇಡಿ. ಕಂಪನಿಗೆ ಇ-ಮೇಲ್ ಕಳಿಸಿ. ಚೂರುಗಳನ್ನೆಲ್ಲ ಅವರ ಕೈಗೆ ಕೊಡಬೇಡಿ, ಅರ್ಧ ನಿಮ್ಮಲ್ಲಿರಲಿ.

ಅಷ್ಟಕ್ಕೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಶಿವಮೊಗ್ಗದ ಜಿಲ್ಲಾ ಆಯೋಗ ಸಾಕು. ಕಂಪನಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. 10 ಲಕ್ಷದಿಂದ 20 ಲಕ್ಷದೊಳಗಿನ ಕಾರಾದರೆ ಶುಲ್ಕ 400 ರೂಪಾಯಿ. ದೋಷ ಇದೆಯೇ ಎಂದು ತಿಳಿಯಲು ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಆದ್ದರಿಂದ ನಿಮ್ಮ ಪಾಲಿನ ಚೂರು ಜೋಪಾನ.

ಮೇಗರವಳ್ಳಿ ತೋಟ

ಇಪ್ಪತ್ತಾರು ದಿನಗಳ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು, ಕೊನೆಯ ಸಲ ಔಷಧಿ ಹೊಡೆಯುವ ಕೆಲಸವೂ ಇತ್ತು.

ವರದಿ ಬಂತು. ಕಬ್ಬಿಣ 88 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 88), ತಾಮ್ರ 61, ತವರ 14, ಸಿಲಿಕಾನ್ 190. ಪ್ರಯೋಗಾಲಯದವರು ಕೊನೆಯಲ್ಲಿ ‘ಹೊಸ ಎಂಜಿನ್, ಗಮನಿಸುತ್ತಿರಿ’ ಎಂದು ಬರೆದಿದ್ದರು. ಬೆಂಗಳೂರಿನ ತಮ್ಮ ಮೊದಲೇ ಹೇಳಿರದಿದ್ದರೆ ನಾನು ಅದನ್ನು ಓದಿ ಕಾರನ್ನು ಮತ್ತೆ ಓಡಿಸುತ್ತಿದ್ದೆ.

ಕಾರನ್ನು ಲಾರಿಯ ಮೇಲೆ ಹಾಕಿ ಶಿವಮೊಗ್ಗಕ್ಕೆ ಒಯ್ದೆ. ಮೊದಲ ದಿನ ಸರ್ವಿಸ್ ಅಡ್ವೈಸರ್ ಅದೇ ಹಳೆಯ ಮಾತು ಹೇಳಿದರು. ನಾನು ಸ್ಟೀಲ್ ಡಬ್ಬಿ ತೆರೆದು ಫಿಲ್ಟರ್ ಕಾಗದ ಬಿಡಿಸಿ ಮೇಜಿನ ಮೇಲೆ ಇಟ್ಟೆ. ಅವರು ತಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆದರು. ಆ ಮನುಷ್ಯ ಏನೂ ಹೇಳಲಿಲ್ಲ. ಉಗುರಿನಿಂದ ಒಂದು ಚೂರನ್ನು ತಿರುಗಿಸಿ ನೋಡಿ, ಬೂದು ಎಳೆಯನ್ನು ಎಳೆದು ನೋಡಿ, ‘ಗೇಜು ಹಾಕೋಣ’ ಎಂದರು. ಅಷ್ಟೇ. ಅವರಿಗೆ ನಾನು ಋಣಿ.

ಕಾದ ಎಂಜಿನ್ನಿನಲ್ಲಿ ಒತ್ತಡ ಅವರ ಪುಸ್ತಕದ ಕನಿಷ್ಠ ಅಂಕಿಯ ಅರ್ಧಕ್ಕೂ ಬರಲಿಲ್ಲ. ಮೂರನೇ ದಿನ ಸಂಪ್ ಇಳಿಸಿದರು. ನಾನು ಕೆಳಗೇ ನಿಂತಿದ್ದೆ. ಜಾಲರಿ ಕೈಗೆ ಬಂದಾಗ ಅದರ ಅರ್ಧ ಬಾಯಿಯನ್ನು ಬೂದು ಅಂಟು ಮುಚ್ಚಿತ್ತು. ಒಂದು ಎಳೆ ನನ್ನ ಕಿರುಬೆರಳಿನಷ್ಟು ಉದ್ದ. ಸಂಪಿನ ಒಳ ಅಂಚಿನಲ್ಲಿ ಅದು ಕಿತ್ತುಕೊಂಡು ಬಂದ ಜಾಗ ಹಲ್ಲು ಬಿದ್ದ ವಸಡಿನಂತೆ ಕಾಣುತ್ತಿತ್ತು. ಮೂರನೇ ಸಿಲಿಂಡರಿನ ಬೇರಿಂಗ್ ಮುಚ್ಚಳ ಬಿಚ್ಚಿದರು. ತಗಡಿನ ಮೇಲೆ ಬೂದು ಲೇಪ ಅಂಚಿನಲ್ಲಿ ಮಾತ್ರ ಉಳಿದಿತ್ತು, ನಡುವೆಲ್ಲ ತಾಮ್ರ. ಕ್ರ್ಯಾಂಕಿನ ಮೇಲೆ ಉಗುರು ಆಡಿಸಿದರೆ ಗೀರು ತಾಕುತ್ತಿತ್ತು.

ಹೊಸ ಬೇರಿಂಗ್ ಹಾಕಿ, ಕ್ರ್ಯಾಂಕ್ ಪಾಲಿಶ್ ಮಾಡಿ ಕೊಡುತ್ತೇವೆ ಎಂದರು. ಯಜಮಾನರಿಗೆ ಫೋಟೊ ಕಳಿಸಿ ಕೇಳಿದ್ದೆ, ‘ಉಗುರಿಗೆ ಗೀರು ಸಿಕ್ಕರೆ ಒಪ್ಪಬೇಡಿ, ಆ ಪುಡಿ ಎಂಜಿನ್ನಿನ ಎಲ್ಲ ದಾರಿಯಲ್ಲಿ ಸುತ್ತಿದೆ’ ಎಂದಿದ್ದರು. ಒಪ್ಪಲಿಲ್ಲ. ಎರಡು ಇ-ಮೇಲ್, ಒಂದು ನೋಟಿಸಿನ ಕರಡು ಆದ ಮೇಲೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಸಮೇತ ಕೆಳಗಿನ ಅರ್ಧ ಪೂರ್ತಿ ಹೊಸದು, ಟರ್ಬೊ ಮತ್ತು ಆಯಿಲ್ ಕೂಲರ್ ಕೂಡ ಹೊಸದು, ಎಲ್ಲವೂ ವಾರಂಟಿಯಲ್ಲಿ ಎಂದು ಬರೆದು ಕೊಟ್ಟರು.

ನಾನು ಕೋಪದಲ್ಲಿ ಇದ್ದೆ, ಈಗಲೂ ಇದ್ದೇನೆ. ತಪ್ಪು ಆಯಿತು ಎಂಬುದಕ್ಕಲ್ಲ. ಕಾರ್ಖಾನೆಯಲ್ಲಿ ಒಂದು ಕೈ ತುಸು ಹೆಚ್ಚು ಅಂಟು ಹಚ್ಚಿದರೆ ಅದು ಅರ್ಥವಾಗುತ್ತದೆ. ಸದ್ದು ಕೇಳಿಸುತ್ತದೆ ಎಂದು ಹೇಳಿದವನ ಮಾತು ಬರೆದುಕೊಳ್ಳದೆ ‘ಸೆಟ್ ಆಗುತ್ತದೆ’ ಎಂದರಲ್ಲ, ಅದು ಅರ್ಥವಾಗುವುದಿಲ್ಲ. ಆ ಮಾತು ನಂಬಿ 10,000 ಕಾಯ್ದಿದ್ದರೆ ಎಂಜಿನ್ ನಿಲ್ಲುತ್ತಿದ್ದದ್ದು ನಮ್ಮ ಅಂಗಳದಲ್ಲಿ ಅಲ್ಲ. ಘಾಟಿಯ ನಡುವೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಅಮ್ಮ ಹಿಂದಿನ ಸೀಟಿನಲ್ಲಿ ಇರುವಾಗ.

ಸಾಗರ ವಕೀಲಿಕೆ

ಸಂತೋಷ. ಮರೆಯಬಾರದ ಒಂದು ಕೆಲಸ ಇದೆ. ಬ್ಲಾಕ್ ಬದಲಾದರೆ ಅದರ ಮೇಲೆ ಕೊರೆದ ಎಂಜಿನ್ ಸಂಖ್ಯೆಯೂ ಬದಲಾಗುತ್ತದೆ. ಶಿವಮೊಗ್ಗ ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ಸಂಖ್ಯೆ ಸೇರಿಸಿಕೊಳ್ಳಿ, ವಿಮೆಯವರಿಗೂ ತಿಳಿಸಿ. ಕಂಪನಿಯಿಂದ ಬದಲಾವಣೆಯ ಪತ್ರ ಪಡೆದೇ ಕಾರು ಹೊರಗೆ ತನ್ನಿ. ಸಾಲ ಇರುವುದರಿಂದ ಬ್ಯಾಂಕಿಗೂ ಒಂದು ಪ್ರತಿ.

ಹೊಸನಗರದವ

ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ಕಾರು 1,800 ಓಡಿದೆ. ಈ ಶನಿವಾರ ಆಯಿಲ್ ತೆಗೆಸುತ್ತೇನೆ, ಸರ್ವಿಸಿನವರಲ್ಲಿಯೇ, ನನ್ನ ಖರ್ಚಿನಲ್ಲಿ, ಬಿಲ್ಲಿನ ಸಮೇತ. ಹಳೆ ಫಿಲ್ಟರ್ ಕೇಳಿ ಮನೆಗೆ ತರುತ್ತೇನೆ.

ಮೇಗರವಳ್ಳಿ ತೋಟ

ಕಾರು ಬಂದು ಎರಡು ತಿಂಗಳಾಯಿತು. ಆರ್‌ಸಿ ಕೆಲಸವೂ ಮುಗಿಯಿತು. ಹೊಸ ಬ್ಲಾಕಿಗೆ 1,000 ಕಿ.ಮೀ. ತುಂಬಿತು, ಮಣಿಪಾಲಕ್ಕೆ ನಾಲ್ಕು ಸಲ ಹೋಗಿ ಬಂದದ್ದೇ ಹೆಚ್ಚು ಪಾಲು. ಬೆಳಿಗ್ಗೆ ಸದ್ದು ಇಲ್ಲ. ನಿನ್ನೆ ಸರ್ವಿಸಿನಲ್ಲಿಯೇ ಆಯಿಲ್ ತೆಗೆಸಿದೆ. ಅದೇ ಹಿರಿಯ ಮೆಕ್ಯಾನಿಕ್ ಫಿಲ್ಟರನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಬಿಡಿಸಿ ಹಾಳೆಯ ಮೇಲೆ ಹಾಕಿದ ಫೋಟೊ ಇದರ ಜೊತೆಗಿದೆ. ಅಯಸ್ಕಾಂತಕ್ಕೆ ಕಾಡಿಗೆಯಷ್ಟು ಕಪ್ಪು ಹತ್ತಿತು, ಒರೆಸಿದರೆ ಹೋಯಿತು. ಸೂಜಿಗೆ ಏನೂ ಸಿಗಲಿಲ್ಲ. ಯಜಮಾನರು ನೋಡಿ ಹೇಳಬೇಕು.

ಹಳೆ ಸ್ಪ್ಯಾನರ್, ಶಿವಮೊಗ್ಗ

ದೊಡ್ಡದು ಮಾಡಿ ನೋಡಿದೆ. ಬಲಗಡೆಯಿಂದ ಐದನೇ ಮಡಿಕೆಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದೇನು? ಉಗುರಿನಿಂದ ಒತ್ತಿ ನೋಡಿ.

ಮೇಗರವಳ್ಳಿ ತೋಟ

ಒತ್ತಿದೆ. ಮೆತ್ತಗಿದೆ, ಬಾಗುತ್ತದೆ. ಬಾಯಿ ಕತ್ತರಿಸುವಾಗ ಫಿಲ್ಟರಿನ ರಬ್ಬರ್ ಸೀಲಿಗೆ ಕತ್ತರಿ ತಾಗಿತ್ತು, ಅಲ್ಲಿಂದ ಬಿದ್ದದ್ದು. ಸೀಲಿನ ಮೇಲೆ ಅಷ್ಟೇ ಗಾತ್ರದ ಗುಳಿ ಇದೆ, ಕೂರಿಸಿ ನೋಡಿದೆ.

ಹಳೆ ಸ್ಪ್ಯಾನರ್, ಶಿವಮೊಗ್ಗ

ಹಾಗಾದರೆ ಸರಿ. ಮುಂದಿನದು 5,000ಕ್ಕೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.